ಗರ ಮೊದಲೋ, ಯೋಚನೆ ಮೊದಲೋ: ಬೋರ್ಡ್ ಗೇಮ್ ಆರಿಸುವವರಿಗೆ ಒಂದು ಹೋಲಿಕೆ

ಮನೆ ಬದಲಾಯಿಸುವಾಗ ರಟ್ಟಿನ ಪೆಟ್ಟಿಗೆಯೊಂದರ ತಳದಲ್ಲಿ 2012ರ ಡೈರಿ ಸಿಕ್ಕಿತು. ಕೊನೆಯ ಪುಟದಲ್ಲಿ ನನ್ನ ಮೆಚ್ಚಿನ ಹತ್ತು ಆಟಗಳ ಪಟ್ಟಿ. ಒಂದನೆಯದು ಅಗ್ರಿಕೋಲಾ, ಎರಡನೆಯದು ಪೋರ್ಟೊ ರಿಕೊ, ಮೂರನೆಯದು ಚದುರಂಗ. ಕಟಾನ್ ಎಂಟರಲ್ಲಿ, ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಬೇರೆ. ಪುಟದ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದಿದ್ದೆ: "ಅದೃಷ್ಟದ ಆಟಗಳಿಗೆ ಇಲ್ಲಿ ಜಾಗವಿಲ್ಲ." ಚೌಕಾಬಾರದ ಸುಳಿವೇ ಇಲ್ಲ.

ಈಗ ನಮ್ಮ ಫ್ರಿಜ್ ಬಾಗಿಲ ಮೇಲೆ ಇನ್ನೊಂದು ಪಟ್ಟಿ ಇದೆ. ಅದರಲ್ಲಿ ಚೌಕಾಬಾರ ಎರಡನೆಯದು, ಅಗ್ರಿಕೋಲಾ ಒಂಬತ್ತನೆಯದು, ಚದುರಂಗ ಹೇಗೋ ಕಷ್ಟಪಟ್ಟು ಹತ್ತರಲ್ಲಿ ಉಳಿದುಕೊಂಡಿದೆ. ಪೋರ್ಟೊ ರಿಕೊ ಪೆಟ್ಟಿಗೆಯನ್ನು ಯಾರಿಗೋ ಕೊಟ್ಟು ನಾಲ್ಕು ವರ್ಷವಾಯಿತು. ಕಟಾನ್ ಮಾತ್ರ ಎಂಟರಿಂದ ಅಲುಗಿಲ್ಲ. ಎರಡೂ ಪಟ್ಟಿಯ ಕೈಬರಹ ನನ್ನದೇ.

ದಸರಾ ರಜೆಗೂ ಬೇಸಿಗೆ ರಜೆಗೂ ಮುಂಚೆ ಯಾರಾದರೊಬ್ಬರು ಫೋನ್ ಮಾಡೇ ಮಾಡುತ್ತಾರೆ: "ಮಕ್ಕಳಿಗೆ ಒಂದು ಒಳ್ಳೆ ಬೋರ್ಡ್ ಗೇಮ್ ಹೇಳಿ, ಮೊಬೈಲ್ ಬಿಡಿಸಬೇಕು." ಮೊದಲೆಲ್ಲ ಥಟ್ಟನೆ ಒಂದು ಹೆಸರು ಹೇಳಿಬಿಡುತ್ತಿದ್ದೆ. ಹಾಗೆ ಹೇಳಿ ಮೂರು ಮನೆಗಳಲ್ಲಿ ದುಬಾರಿ ಪೆಟ್ಟಿಗೆಗಳು ಅಟ್ಟ ಸೇರಿದ ಮೇಲೆ ಬುದ್ಧಿ ಬಂತು. ಈಗ ತಿರುಗಿ ಕೇಳುತ್ತೇನೆ: ಆಡುವವರು ಯಾರ್ಯಾರು, ಎಷ್ಟು ಹೊತ್ತು ಕೂರುತ್ತಾರೆ, ಸೋತರೆ ಮುನಿಸಿಕೊಳ್ಳುವವರು ಯಾರು? ಕೊನೆಯ ಪ್ರಶ್ನೆಗೆ ಎಲ್ಲರೂ ನಗುತ್ತಾರೆ, ಉತ್ತರ ಮಾತ್ರ ತಕ್ಷಣ ಬರುತ್ತದೆ. ಸಾಮಾನ್ಯವಾಗಿ ಮಕ್ಕಳ ಅಪ್ಪನ ಹೆಸರು.

ಈ ಮೂರರ ಜೊತೆಗೆ ನನಗೇ ಕೇಳಿಕೊಳ್ಳುವ ನಾಲ್ಕನೆಯ ಪ್ರಶ್ನೆಯೊಂದಿದೆ. ಈ ಬರಹದ ಬಹುಪಾಲು ಅದರದ್ದೇ: ಈ ಆಟದಲ್ಲಿ ಅದೃಷ್ಟ ಯಾವಾಗ ಬಂದು ಕೂರುತ್ತದೆ? ನಾನು ಯೋಚಿಸುವುದಕ್ಕೆ ಮುಂಚೆಯೋ, ಯೋಚಿಸಿ ಮುಗಿಸಿದ ಮೇಲೋ?

ಗರ ಬಿದ್ದ ಮೇಲೆ ಯೋಚಿಸುವ ಆಟ

ಅರಸೀಕೆರೆ ಕಡೆಯ ನಮ್ಮ ಊರಿನಲ್ಲಿ ಶಿವರಾತ್ರಿ ಜಾಗರಣೆ ಎಂದರೆ ಚೌಕಾಬಾರ. ಅಜ್ಜಿ ಜಗಲಿಯ ಮೇಲೆ ಬಳಪದಲ್ಲಿ ಉದ್ದ ಐದು, ಅಡ್ಡ ಐದು, ಒಟ್ಟು 25 ಮನೆ ಬರೆಯುತ್ತಿದ್ದರು. ನಾಲ್ಕು ಅಂಚಿನ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿಗೆರೆ. ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಕರಟದ ಚೂರು, ಇನ್ನೊಬ್ಬರಿಗೆ ಬೆಣಚುಕಲ್ಲು, ಉಳಿದವರಿಗೆ ಬೆಂಕಿಕಡ್ಡಿಯ ತುಂಡು. ತಲೆಗೆ ನಾಲ್ಕು ಕಾಯಿ, ಎಲ್ಲರಿಗೂ ಸೇರಿ ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕ ಅಥವಾ ಬಾರ ಬಿದ್ದರೆ, ಇನ್ನೊಬ್ಬರ ಕಾಯಿ ಕಡಿದರೆ, ಮತ್ತೊಂದು ಆಟ. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ವಿರುದ್ಧ ದಿಕ್ಕಿಗೆ. ಒಂದಾದರೂ ಕಾಯಿ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ತಲುಪಿದ ಕಾಯಿ ಹಣ್ಣು.

ಒಂದು ಲೆಕ್ಕ ಹಾಕಿ ನೋಡಿ. ಕವಡೆ ಎರಡು ಮಗ್ಗುಲಿಗೂ ಸಮಸಮ ಬೀಳುತ್ತದೆ ಎಂದು ಇಟ್ಟುಕೊಂಡರೆ (ನಿಜವಾಗಿ ಬೀಳುವುದಿಲ್ಲ, ಒಂದೊಂದು ಕವಡೆಗೂ ಅದರದೇ ಚಾಳಿ), 16 ಎಸೆತಕ್ಕೆ ಎರಡು ಬೀಳುವುದು ಆರು ಸಲ, ಒಂದು ಮತ್ತು ಮೂರು ತಲಾ ನಾಲ್ಕು ಸಲ, ಚೌಕ ಒಮ್ಮೆ, ಬಾರ ಒಮ್ಮೆ. ಸರಾಸರಿ ಎಸೆತಕ್ಕೆ ಎರಡೂವರೆ ಮನೆ. ತನ್ನ ಮನೆಯಿಂದ ಹೊರಟ ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕು ಕಾಯಿಗೆ 96. ಯಾರೂ ಯಾರನ್ನೂ ಕಡಿಯದಿದ್ದರೆ ಒಬ್ಬರಿಗೆ 38 ಎಸೆತದ ಆಸುಪಾಸು. ಅಷ್ಟರಲ್ಲಿ ಎಲ್ಲರಿಗೂ ಕೆಟ್ಟ ಗರವೂ ಬೀಳುತ್ತದೆ, ಒಳ್ಳೆಯದೂ ಬೀಳುತ್ತದೆ. ವ್ಯತ್ಯಾಸ ಹುಟ್ಟುವುದು ಬಿದ್ದ ಗರವನ್ನು ನಾಲ್ಕು ಕಾಯಿಗಳಲ್ಲಿ ಯಾವುದಕ್ಕೆ ಕೊಡುತ್ತೀರಿ ಎಂಬಲ್ಲಿ. ಮೂರು ಬಿತ್ತು. ಓಡುವ ಕಾಯಿಯನ್ನು ಓಡಿಸುವುದೋ, ಅತ್ತೆಯ ಕಾಯಿ ಕಡಿಯುವುದೋ, ಸಿಕ್ಕಿಬೀಳುವಂತಿರುವ ಕಾಯಿಯನ್ನು ಕತ್ತರಿಮನೆಗೆ ಸೇರಿಸಿ ಉಸಿರು ಬಿಡುವುದೋ?

ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇದನ್ನೇ. "ಬಾರ ಬಿದ್ದಾಗ ಓಡೋದು ಎಲ್ರಿಗೂ ಗೊತ್ತು ಕಣೇ. ಒಂದು ಬಿದ್ದಾಗ ಏನ್ಮಾಡ್ತೀಯ, ಅದು ಹೇಳು." ಒಂದು ಬಿದ್ದರೂ ಉಪಯೋಗಕ್ಕೆ ಬರಲಿ ಎಂದು ಕತ್ತರಿಮನೆಯ ಹಿಂದಿನ ಮನೆಯಲ್ಲಿ ಅವರದೊಂದು ಕಾಯಿ ಯಾವಾಗಲೂ ಕಾದು ಕೂತಿರುತ್ತಿತ್ತು.

ಈ ಬಗೆಯ ಆಟದಲ್ಲಿ ಅದೃಷ್ಟ ಮೊದಲು ಬರುತ್ತದೆ, ನಿರ್ಧಾರ ಆಮೇಲೆ. ಬಡಿಸಿದ್ದರಲ್ಲಿ ಊಟ ಮಾಡುವ ಹಾಗೆ. ಸೋತವರು ಗರವನ್ನು ಬೈದು ಏಳಬಹುದು, ಗೆದ್ದವರು ತಮ್ಮ ಬುದ್ಧಿಯನ್ನು ಹೊಗಳಿಕೊಳ್ಳಬಹುದು, ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿರುತ್ತದೆ. ಎಂಟು ವರ್ಷದ ಮಗು, ಎಪ್ಪತ್ತೆರಡರ ಅಜ್ಜಿ ಒಂದೇ ಮಣೆಗೆ ಕೂರುವ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನಂತೂ ಕಂಡಿಲ್ಲ.

"ಲೂಡೊ ಇದೆಯಲ್ಲ, ಅದೂ ಹಾಗೇ ತಾನೇ?" ಎಂದರೆ, ಹೌದು, ಅದೂ ನಮ್ಮ ಹಳೆಯ ಕವಡೆಯಾಟ ಪಚ್ಚೀಸಿಯ ವಂಶವೇ. ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಮಾಡಿಸಿಕೊಂಡು ಕೋಟು ತೊಟ್ಟು ಹಿಂದಿರುಗಿ ಬಂತು. ಆದರೆ ಅದರಲ್ಲಿ ಕಾಯಿ ಹೊರಡಬೇಕಾದರೆ ಆರು ಬೀಳಲೇಬೇಕು. ಆರು ಸುತ್ತು ಕಾದರೂ ಆರು ಬೀಳದಿರುವ ಸಾಧ್ಯತೆ ಮೂರರಲ್ಲಿ ಒಂದು. ಅಷ್ಟು ಹೊತ್ತು ಆ ಮಗು ಬೇರೆಯವರು ಆಡುವುದನ್ನು ನೋಡುತ್ತ ಕೂತಿರಬೇಕು. ಚೌಕಾಬಾರದಲ್ಲಿ ನಾವು ಆಡುವ ಕ್ರಮದಲ್ಲಿ ಮೊದಲ ಎಸೆತಕ್ಕೇ ಕಾಯಿ ಹೊರಡುತ್ತದೆ. ಹಾವು ಏಣಿಯಲ್ಲಂತೂ ನಿರ್ಧಾರವೆಂಬುದೇ ಇಲ್ಲ. ಐದು ವರ್ಷದೊಳಗಿನವರಿಗೆ ಎಣಿಕೆ ಕಲಿಸಲು ಸಾಕು, ಆಮೇಲೆ ಎತ್ತಿಡಿ.

ಹೊಸ ಆಟಗಳಲ್ಲಿ ಇದೇ ಜಾತಿಯದು ಅಜುಲ್. ಪೋರ್ಚುಗಲ್ಲಿನ ಗೋಡೆಯ ಬಣ್ಣದ ಹೆಂಚುಬಿಲ್ಲೆಗಳ ಆಟ. ಐದು ಬಣ್ಣ, ಬಣ್ಣಕ್ಕೆ 20ರಂತೆ 100 ಬಿಲ್ಲೆ. ಚೀಲದಿಂದ ತೆಗೆದು ಎಲ್ಲರ ಕಣ್ಣೆದುರು ಹರಡಿದ ಮೇಲೆ ಆ ಸುತ್ತಿನಲ್ಲಿ ಅದೃಷ್ಟಕ್ಕೆ ಇನ್ನೇನೂ ಕೆಲಸವಿಲ್ಲ. ಒಂದು ತಟ್ಟೆಯಿಂದ ಒಂದು ಬಣ್ಣದ್ದಷ್ಟನ್ನೂ ತೆಗೆದುಕೊಳ್ಳಬೇಕು, ಜಾಗ ಸಾಲದೆ ಉಳಿದದ್ದು ನೆಲಕ್ಕೆ ಬಿದ್ದು ಅಂಕ ಕಳೆಯುತ್ತದೆ. ನೋಡಲು ಸೌಮ್ಯ. ಆಡಲು ಕೂತರೆ, ಎದುರಿನವರ ತಲೆಗೆ ಐದು ಬೇಡದ ಬಿಲ್ಲೆ ಕಟ್ಟುವ ಸುಖಕ್ಕಾಗಿ ನಾವೇ ಎರಡು ಅಂಕ ಕಳೆದುಕೊಳ್ಳಲು ತಯಾರಾಗುತ್ತೇವೆ. ನಮ್ಮ ಅತ್ತೆಗೆ ಇದು ಬಹಳ ಇಷ್ಟ.

ಯೋಚಿಸಿ ಮುಗಿಸಿದ ಮೇಲೆ ಗರ ಬೀಳುವ ಆಟ

ಕಟಾನ್ ತದ್ವಿರುದ್ಧ. ಜರ್ಮನಿಯ ಕ್ಲೌಸ್ ಟಾಯ್ಬರ್ ಮಾಡಿದ ಈ ಆಟ 1995ರಲ್ಲಿ ಬಂದು ಅದೇ ವರ್ಷ ಅಲ್ಲಿನ 'ವರ್ಷದ ಆಟ' ಪ್ರಶಸ್ತಿ ಪಡೆಯಿತು. 19 ಆರುಮೂಲೆ ಬಿಲ್ಲೆಗಳ ದ್ವೀಪ, ಮರುಭೂಮಿಯೊಂದನ್ನು ಬಿಟ್ಟು ಪ್ರತಿ ಬಿಲ್ಲೆಗೂ ಒಂದು ಅಂಕಿ. ನೀವು ಮನೆ ಕಟ್ಟುವುದು ಮೊದಲು, ದಾಳ ಉರುಳುವುದು ಆಮೇಲೆ. ಬಿದ್ದ ಅಂಕಿಯ ಪಕ್ಕ ಮನೆ ಇದ್ದವರಿಗೆ ಇಟ್ಟಿಗೆ, ಮರ, ಉಣ್ಣೆ, ಗೋಧಿ, ಅದಿರು. ಬಿಲ್ಲೆಗಳ ಮೇಲಿನ ಅಂಕಿಗಳ ಪೈಕಿ ಎರಡು ದಾಳದಲ್ಲಿ ಆರು ಮತ್ತು ಎಂಟು ಹೆಚ್ಚು ಬೀಳುತ್ತವೆ, 36ರಲ್ಲಿ ಐದೈದು ಸಲ. ಹಾಗಾಗಿ ಎಲ್ಲರೂ ಅಲ್ಲಿಗೇ ಓಡುತ್ತಾರೆ.

2012ರಲ್ಲಿ ಒಂದು ಶನಿವಾರ ರಾತ್ರಿ, ಜಯನಗರದ ಗೆಳತಿಯ ಮನೆ. ಎಂಟರ ಎರಡು ಬಿಲ್ಲೆಗೂ ಮನೆ ಕಟ್ಟಿ ಗತ್ತಿನಿಂದ ಕೂತಿದ್ದೆ. ಹದಿನೈದು ಎಸೆತ ಉರುಳಿದವು. ಎಂಟು ಒಮ್ಮೆಯೂ ಬೀಳಲಿಲ್ಲ. ಮನೆಗೆ ಬಂದು ಸಿಟ್ಟಿನಲ್ಲಿ ಲೆಕ್ಕ ಹಾಕಿದೆ: ಹಾಗಾಗುವ ಸಾಧ್ಯತೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ಅಪರೂಪವೇನಲ್ಲ. ಹತ್ತು ಸಲ ಆಡಿದರೆ ಒಮ್ಮೆ ಯಾರಿಗಾದರೂ ಆಗಿಯೇ ಆಗುತ್ತದೆ. ಅಂದೇ ಕಟಾನ್ ಎಂಟಕ್ಕೆ ಇಳಿದಿದ್ದು. ಎಂಟರ ಮೇಲಿನ ಸಿಟ್ಟಿಗೆ ಎಂಟನೇ ಸ್ಥಾನ ಕೊಟ್ಟೆನೋ ಏನೋ, ಈಗ ನೆನಪಿಲ್ಲ.

ಆಗ ಅದನ್ನು "ಅದೃಷ್ಟದ ಆಟ" ಎಂದು ಬೈದಿದ್ದೆ. ಅದೃಷ್ಟ ಚೌಕಾಬಾರದಲ್ಲೂ ಅಷ್ಟೇ ಇದೆ, ಹೆಚ್ಚೇ ಇರಬಹುದು. ನೋವಾಗುವುದು ಅದರ ಪ್ರಮಾಣದಿಂದಲ್ಲ, ಅದು ಬರುವ ಹೊತ್ತಿನಿಂದ. ಸರಿಯಾಗಿ ಯೋಚಿಸಿ, ಸರಿಯಾದ ಜಾಗ ಹಿಡಿದು, ಆಮೇಲೆ ಒಂದು ಗಂಟೆ ಕೈಕಟ್ಟಿ ಕೂರುವುದು ನಮ್ಮ ಕಡೆ ಮಳೆ ನಂಬಿ ರಾಗಿ ಬಿತ್ತಿದವರ ಪಾಡು. ಇದನ್ನು ಸಹಿಸುವ ಮನಸ್ಸು ಕೆಲವರಿಗೆ ಇರುತ್ತದೆ, ಅವರಿಗೆ ಕಟಾನ್ ಚಿನ್ನದಂಥ ಆಟ. ಚೌಕಾಸಿ ಬಲ್ಲವರಿಗಂತೂ ಹಬ್ಬ: "ಎರಡು ಕುರಿ ಕೊಡ್ತೀನಿ, ಒಂದು ಇಟ್ಟಿಗೆ ಕೊಡು, ಇಲ್ಲಾಂದ್ರೆ ಅವಳು ಗೆಲ್ತಾಳೆ ನೋಡು." ಈಗಲೂ ಅದು ನನ್ನ ಪಟ್ಟಿಯಲ್ಲಿ ಎಂಟರಲ್ಲೇ ಇದೆ, ಕಾರಣ ಬೇರೆ. ನನಗೀಗ ದಾಳದ ಮೇಲೆ ಸಿಟ್ಟಿಲ್ಲ. ನಮ್ಮ ಮನೆಯಲ್ಲಿ ಇದನ್ನು ಆಡುವವರು ಮೂರೇ ಜನ, ಅದರಲ್ಲಿಬ್ಬರು ಗಂಡಹೆಂಡತಿ. ಗಂಡ ನನಗೆ ಇಟ್ಟಿಗೆ ಕೊಟ್ಟರೆ ಮಗಳು "ಅದು ಮೋಸ" ಎನ್ನುತ್ತಾಳೆ, ಕೊಡದಿದ್ದರೆ ನಾನು ಅನ್ನುತ್ತೇನೆ.

ಮೊದಲ ಸಲ ಕೊಳ್ಳುವವರು ಸಾಮಾನ್ಯವಾಗಿ ಕಟಾನ್ ಮತ್ತು ಟಿಕೆಟ್ ಟು ರೈಡ್ ನಡುವೆ ತೂಗಾಡುತ್ತಾರೆ. ನನ್ನ ಉತ್ತರ ನೇರ: ಟಿಕೆಟ್ ಟು ರೈಡ್. ಅಲನ್ ಮೂನ್ ಮಾಡಿದ್ದು, 2004ರ ವರ್ಷದ ಆಟ. ರೈಲು ದಾರಿ ಹಾಕುವುದು. ನಿಮ್ಮ ಸರದಿ ಬಂದಾಗ ಮಾಡಬಹುದಾದದ್ದು ಮೂರರಲ್ಲಿ ಒಂದು: ಬಣ್ಣದ ಎಲೆ ತೆಗೆ, ದಾರಿ ಹಿಡಿ, ಹೊಸ ಟಿಕೆಟ್ (ಇಂಥ ಊರಿಂದ ಇಂಥ ಊರಿಗೆ ದಾರಿ ಕೂಡಿಸು ಎನ್ನುವ ಚೀಟಿ) ತಗೋ. ಐದು ನಿಮಿಷದಲ್ಲಿ ನಿಯಮ ಮುಗಿಯುತ್ತದೆ. ಎಲೆ ಏನು ಬರುತ್ತದೆಂಬುದು ಅದೃಷ್ಟ, ಆದರೆ ಕೈಯಲ್ಲಿ ಎಲೆ ಕೂಡಿದ ಮೇಲೆ ದಾರಿ ಹಿಡಿಯುವುದನ್ನು ಯಾವ ದಾಳವೂ ತಡೆಯಲಾರದು, ಎದುರಾಳಿ ಮಾತ್ರ ತಡೆಯಬಲ್ಲ. ಎರಡೇ ಜನರಿದ್ದರೂ ಆಡಬಹುದು, ಮೂಲ ಕಟಾನ್‌ಗೆ ಮೂವರಾದರೂ ಬೇಕು. ಭಾರತದ ನಕ್ಷೆಯೂ 2011ರಲ್ಲಿ ಬಂದಿದೆ, ಅದು ಬೇರೆಯಾಗಿ ಸಿಗುವ ನಕ್ಷೆ, ರೈಲುಗಳಿಗೆ ಮೂಲ ಪೆಟ್ಟಿಗೆ ಬೇಕೇ ಬೇಕು. ಒಂದೇ ಎಚ್ಚರ: ಪೂರೈಸದ ಟಿಕೆಟ್ಟಿನ ಅಂಕ ಕೊನೆಯಲ್ಲಿ ಕಳೆಯುತ್ತದೆ. ಚಿಕ್ಕವರಿಗೆ ಮೊದಲೆರಡು ಆಟ ಆ ನಿಯಮ ಬಿಟ್ಟುಬಿಡಿ.

ಹೊಲ ಉಳುವ ಆಟ, ಕೌದಿ ಹೊಲಿಯುವ ಆಟ

ಪಟ್ಟಿ ಬದಲಾಗುವುದು ಹೇಗೆ ಎಂಬುದಕ್ಕೆ ನನ್ನ ಬಳಿ ಇರುವ ಅತ್ಯುತ್ತಮ ಸಾಕ್ಷಿ ಒಬ್ಬನೇ ಮನುಷ್ಯ ಮಾಡಿದ ಎರಡು ಆಟಗಳು. ಜರ್ಮನಿಯ ಊವೆ ರೋಸೆನ್‌ಬರ್ಗ್ 2007ರಲ್ಲಿ ಅಗ್ರಿಕೋಲಾ ತಂದರು, 2014ರಲ್ಲಿ ಪ್ಯಾಚ್‌ವರ್ಕ್.

ಅಗ್ರಿಕೋಲಾದಲ್ಲಿ ನೀವು ಒಕ್ಕಲು. ಎರಡು ಕೋಣೆಯ ಮರದ ಮನೆ, ಗಂಡಹೆಂಡತಿ, ಖಾಲಿ ಜಮೀನು. 14 ಸುತ್ತು, ನಡುವೆ ಆರು ಸುಗ್ಗಿ. ಪ್ರತಿ ಸುಗ್ಗಿಗೂ ಮನೆಯ ದೊಡ್ಡವರಿಗೆ ತಲಾ ಎರಡು ಊಟ ಹೊಂದಿಸಬೇಕು, ಇಲ್ಲದಿದ್ದರೆ ಕಡಿಮೆಯಾದ ಒಂದೊಂದು ಊಟಕ್ಕೂ ಭಿಕ್ಷೆಯ ಚೀಟಿ, ಚೀಟಿಗೆ ಮೂರು ಅಂಕ ಕಡಿತ. ಉಳದೆ ಬಿಟ್ಟ ಜಾಗಕ್ಕೂ ಕಡಿತ. ಎಲೆಗಳನ್ನು ಮೊದಲೇ ಹಂಚಿರುತ್ತಾರೆ, ದಾಳವಿಲ್ಲ, ತಪ್ಪಿದರೆ ಬೈಯಲು ನಿಮ್ಮನ್ನು ಬಿಟ್ಟು ಯಾರೂ ಇಲ್ಲ. ಮೂವತ್ತನಾಲ್ಕರ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಅದೇ. ವಾರವಿಡೀ ಆಫೀಸಿನಲ್ಲಿ ಯಾರದೋ ತಪ್ಪಿಗೆ ಮೇಲ್ ಬರೆದು ಶನಿವಾರ ಬಂದರೆ, ನನ್ನ ತಪ್ಪು ನನ್ನದೇ ಆಗಿರುವ ಮೂರು ಗಂಟೆ.

ಆ ಕಾಲದಲ್ಲಿ ಊರಿಂದ ಬಂದಿದ್ದ ಅಮ್ಮ ನಮ್ಮ ಆಟ ನೋಡುತ್ತ ನಿಂತರು. ಮರದ ಪುಟ್ಟ ಕುರಿ, ಹಂದಿ, ದನ, ಬೇಲಿ. "ಏನೇ ಇದು?" ವಿವರಿಸಿದೆ. "ಅಲ್ಲಾ, ನಿಮ್ಮಪ್ಪ ಸಾಯೋವರೆಗೂ ಇದನ್ನೇ ಮಾಡಿದ್ರಲ್ಲ, ಆವಾಗ ಒಂದಿನಾನಾದ್ರೂ ಹೊಲದ ಕಡೆ ಬಂದ್ಯಾ ನೀನು?" ಎಂದು ನಕ್ಕು ಒಳಗೆ ಹೋದರು. ಆ ಸಲ ನನಗೆ ಎರಡು ಭಿಕ್ಷೆಯ ಚೀಟಿ.

ಪ್ಯಾಚ್‌ವರ್ಕ್ ಇಬ್ಬರೇ ಆಡುವ ಆಟ. ಉತ್ತರ ಕರ್ನಾಟಕದವರಿಗೆ ಒಂದೇ ಮಾತಲ್ಲಿ ಹೇಳಬಹುದು: ಕೌದಿ ಹೊಲಿಯುವುದು. ಉದ್ದ ಒಂಬತ್ತು, ಅಡ್ಡ ಒಂಬತ್ತು ಮನೆಯ ಹಾಳೆ. ಅಂಕುಡೊಂಕು ಬಟ್ಟೆಚೂರುಗಳನ್ನು ಗುಂಡಿ ಕೊಟ್ಟು ಕೊಂಡು ಹೊಂದಿಸುತ್ತ ಹೋಗಬೇಕು. ತುಂಬದೆ ಉಳಿದ ಒಂದೊಂದು ಮನೆಗೂ ಎರಡು ಅಂಕ ಕಡಿತ, ಅಂದರೆ ಖಾಲಿ ಹಾಳೆಯೊಂದಿಗೆ ಶುರುಮಾಡುವಾಗಲೇ 162 ಅಂಕದ ಸಾಲ. ಚೂರುಗಳು ಎಲ್ಲರ ಕಣ್ಣೆದುರು ವೃತ್ತಾಕಾರದಲ್ಲಿ ಬಿದ್ದಿರುತ್ತವೆ, ಮುಚ್ಚುಮರೆಯಿಲ್ಲ. ಅರ್ಧ ಗಂಟೆ ಸಾಕು. ಅಗ್ರಿಕೋಲಾದ ಕಾಠಿಣ್ಯದಲ್ಲಿ ಮುಕ್ಕಾಲು ಪಾಲು ಇಲ್ಲೂ ಇದೆ: ಜಾಗ ಸಾಲದು, ಕಾಸು ಸಾಲದು, ಹೊತ್ತು ಸಾಲದು. ಹೊಟ್ಟೆಗಿಲ್ಲದ ಆ ದಿಗಿಲು ಮಾತ್ರ ಇಲ್ಲ. ಮಗಳು ಮಲಗಿದ ಮೇಲೆ ನಮಗೆ ಸಿಗುವುದು ನಲವತ್ತು ನಿಮಿಷ. ಅದಕ್ಕೆ ಇದು ಮೂರನೆಯ ಸ್ಥಾನದಲ್ಲಿದೆ, ಅದು ಒಂಬತ್ತರಲ್ಲಿದೆ. ಅಗ್ರಿಕೋಲಾ ಇಂದಿಗೂ ಹೆಚ್ಚು ದೊಡ್ಡ ಆಟ ಎಂದೇ ನನ್ನ ಅಭಿಪ್ರಾಯ. ಅದನ್ನು ಕೊನೆಯ ಸಲ ಬಿಚ್ಚಿದ್ದು ಎರಡು ವರ್ಷದ ಹಿಂದೆ.

ಇವೆರಡರ ನಡುವಿನ ದಾರಿ ಬೇಕೆಂದರೆ ವಿಂಗ್‌ಸ್ಪ್ಯಾನ್. ಎಲಿಜಬೆತ್ ಹಾರ್‌ಗ್ರೇವ್ ಮಾಡಿದ, 2019ರಲ್ಲಿ ಬಂದ ಹಕ್ಕಿಗಳ ಆಟ. 170 ಹಕ್ಕಿಗಳ ಎಲೆ, ಎಲೆಗೊಂದು ನಿಜವಾದ ಹಕ್ಕಿ, ಅದರ ರೆಕ್ಕೆಯಳತೆ, ಗೂಡಿನ ಬಗೆ. ಮೊದಲ ಸುತ್ತಿಗೆ ಎಂಟು ಸರದಿ, ಆಮೇಲೆ ಏಳು, ಆರು, ಐದು, ಅಷ್ಟೇ. ಹಕ್ಕಿಗಳು ಕೂಡಿಕೊಂಡು ಕೆಲಸ ಸರಾಗವಾಗುವ ಹೊತ್ತಿಗೆ ಸರದಿಯೇ ಮುಗಿದಿರುತ್ತದೆ. ಮಣೆಯ ಮೇಲೆ ಒಬ್ಬರು ಇನ್ನೊಬ್ಬರನ್ನು ತಿನ್ನುವುದು ಬಹಳ ಕಡಿಮೆ. ಜಗಳವಾಗದ ಆಟ ಬೇಕೆಂದು ಕೇಳುವವರಿಗೆ ಇದನ್ನೇ ಹೇಳುತ್ತೇನೆ. ಎಲೆಗಳ ಮೇಲೆ ಇಂಗ್ಲಿಷ್ ಓದಬೇಕಾಗುತ್ತದೆ ಎಂಬುದನ್ನು ನೆನಪಿಡಿ, ನಮ್ಮ ಅಮ್ಮ ಹೊರಗುಳಿಯುವುದು ಅಲ್ಲೇ.

ಅದೃಷ್ಟವೇ ಇಲ್ಲದ ಆಟಗಳು

ಇವು ಇಬ್ಬರ ಅಳತೆ ಸಮನಾಗಿರುವಾಗ ಮಾತ್ರ ಚೆನ್ನ. ಚದುರಂಗದ ತರಗತಿಗೆ ಹೋಗುವ ಹುಡುಗಿಯೂ ಹೋಗದ ಅಪ್ಪನೂ ಕೂತರೆ ಹತ್ತರಲ್ಲಿ ಹತ್ತು ಸಲ ಒಬ್ಬರೇ ಗೆಲ್ಲುತ್ತಾರೆ, ಹನ್ನೊಂದನೆಯ ಸಲ ಇನ್ನೊಬ್ಬರಿಗೆ ಆಫೀಸಿನ ಕರೆ ಬರುತ್ತದೆ.

ಅಳಗುಳಿಮನೆಯದೂ ಹಾಗೇ. ಎರಡು ಸಾಲಿನಲ್ಲಿ ಏಳೇಳು ಗುಳಿ, ಬೀಜಗಳೆಲ್ಲ ಕಣ್ಣೆದುರೇ ಇರುತ್ತವೆ, ಎಣಿಕೆ ಬಲ್ಲವರು ಗೆಲ್ಲುತ್ತಾರೆ. ತುಳುನಾಡಿನಲ್ಲಿ ಇದು ಚೆನ್ನೆಮಣೆ, ಆಟಿ ತಿಂಗಳ ಮಳೆಯಲ್ಲಿ ಹೊರಬರುವ ಆಟ. ಸಿರಿ ಪಾಡ್ದನವೆಂಬ ತುಳು ಜನಪದ ಕಥನಗೀತದ ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆ ಆಡುತ್ತ ಜಗಳಕ್ಕೆ ಬಿದ್ದು ಮಣೆಯ ಪೆಟ್ಟಿನಿಂದಲೇ ದುರಂತವಾಗುತ್ತದೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ಮಾತು ಆ ಕಡೆಯ ಮನೆಗಳಲ್ಲಿ ಇದೆ. ಲೆಕ್ಕದ ಆಟದಲ್ಲಿ ಸೋತವರಿಗೆ ಬೈಯಲು ಕವಡೆಯೂ ಸಿಗುವುದಿಲ್ಲ ಎಂಬುದು ಪಾಡ್ದನ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ನನ್ನ ಪಟ್ಟಿಯಲ್ಲಿ ಮೇಲೇರಿದ್ದು ಹುಲಿ-ಕುರಿ. ಮೂರು ಹುಲಿ, 15 ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಒಟ್ಟುಗೂಡಿ ಹುಲಿ ಅಲುಗದಂತೆ ಕಟ್ಟಿಹಾಕುತ್ತವೆ. ಎರಡು ಪಕ್ಷಕ್ಕೆ ಎರಡು ಬೇರೆ ನಿಯಮವಿರುವ ಆಟವೆಂದರೆ ಈಗಿನ ಹವ್ಯಾಸಿಗಳು ಐದಾರು ಸಾವಿರ ರೂಪಾಯಿ ಕೊಟ್ಟು ತರಿಸುತ್ತಾರೆ. ನಮ್ಮವರು ಅದನ್ನು ದೇವಸ್ಥಾನದ ಜಗಲಿಗಳ ಮೇಲೆ ಕೊರೆದಿಟ್ಟು ಹೋಗಿದ್ದಾರೆ, ಹಂಪಿಯ ಕಲ್ಲುಹಾಸುಗಳಲ್ಲೂ ಇಂಥ ಪಟಗಳು ಸಿಗುತ್ತವೆ. ಅಳತೆ ಸಮನಿಲ್ಲದ ಇಬ್ಬರಿಗೆ ಇದರಲ್ಲೊಂದು ಉಪಾಯವಿದೆ: ಹೊಸಬರಿಗೆ ಹುಲಿ ಕೊಡಿ. ಕುರಿ ಆಡಿಸಲು ತಾಳ್ಮೆ ಬೇಕು, ಮೊದಲ ನಾಲ್ಕು ಕುರಿ ಕಳೆದುಕೊಂಡ ಮಗು ಮಣೆ ತಳ್ಳಿ ಎದ್ದುಬಿಡುತ್ತದೆ.

ಆಟ ಕಟ್ಟುವ ಹುಚ್ಚಿನಲ್ಲಿ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794-1868) ಮೀರಿಸಿದವರು ಕಡಿಮೆ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳದ್ದು. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಇಡೀ ಮಣೆ ಸುತ್ತಿಸುವ ಲೆಕ್ಕದಲ್ಲೂ ಅವರು ಪಳಗಿದವರು. ಅಂಥವರು ಇಷ್ಟದ ಹತ್ತು ಆಟದ ಪಟ್ಟಿ ಬರೆದಿದ್ದರೆ ಓದಬಹುದಿತ್ತು.

ಮಾತಿನ ಆಟ, ಕನ್ನಡದಲ್ಲಿ

ಫ್ರಿಜ್ ಮೇಲಿನ ಪಟ್ಟಿಯ ಒಂದನೆಯದನ್ನು ಇನ್ನೂ ಹೇಳಿಲ್ಲ. ಅದು ಕೋಡ್‌ನೇಮ್ಸ್. ಪೆಟ್ಟಿಗೆಯಲ್ಲಿ ಬಂದದ್ದಲ್ಲ, ನಾವೇ ಹಳೆ ಲಗ್ನಪತ್ರಿಕೆ ಕತ್ತರಿಸಿ ಮಾಡಿಕೊಂಡದ್ದು.

ಚೆಕ್ ದೇಶದ ವ್ಲಾದಾ ಖ್ವಾಟಿಲ್ ಮಾಡಿದ ಈ ಆಟ 2016ರ ವರ್ಷದ ಆಟ. 25 ಪದಗಳನ್ನು ಐದೈದರಂತೆ ಹರಡುತ್ತಾರೆ. ಎರಡು ತಂಡ. ಯಾವ ಪದ ಯಾವ ತಂಡದ್ದೆಂದು ಇಬ್ಬರು ನಾಯಕರಿಗೆ ಮಾತ್ರ ಗೊತ್ತು. ನಾಯಕರು ಸುಳಿವಾಗಿ ಒಂದು ಪದ, ಅದಕ್ಕೆ ಹೊಂದುವ ಚೀಟಿ ಎಷ್ಟೆಂದು ಒಂದು ಸಂಖ್ಯೆ ಹೇಳುತ್ತಾರೆ, ತಂಡದವರು ಮುಟ್ಟಿ ತೋರಿಸಬೇಕು. ಒಂದು ಪದ ಕಪ್ಪು. ಅದನ್ನು ಮುಟ್ಟಿದರೆ ಅಲ್ಲಿಗೇ ಸೋಲು.

ಇಂಗ್ಲಿಷ್ ಪೆಟ್ಟಿಗೆಯನ್ನು ಗೆಳೆಯರೊಡನೆ ಆಡಿ ಚೆನ್ನಾಗಿದೆ ಅಂದುಕೊಂಡಿದ್ದೆ, ಅಷ್ಟೇ. ಕನ್ನಡ ಪದ ಬರೆದು ಹರಡಿದ ದಿನ ಗೊತ್ತಾಯಿತು ಈ ಆಟ ನಮ್ಮ ಭಾಷೆಗೆ ಹೇಗೆ ಒಗ್ಗುತ್ತದೆಂದು. ಎರಡು ಅರ್ಥದ ಪದ ಬೇಕು ತಾನೇ? ಕಾಲು, ಆಡು, ಅರಸು, ಮುತ್ತು, ಕರಿ, ನೆರೆ, ಹತ್ತು, ಆರು, ಬೆಳೆ, ಸುಳಿ, ತೊರೆ, ಮಡಿ. ಚೀಟಿ ಸಾಲದೆ ಎರಡನೆಯ ಲಗ್ನಪತ್ರಿಕೆ ಕತ್ತರಿಸಬೇಕಾಯಿತು. ಮಗಳು "ಲೆಕ್ಕ, ಮೂರು" ಎಂದಳು. ಹತ್ತು, ಆರು ತಕ್ಷಣ ಸಿಕ್ಕಿತು, ಕಾಲು ಕೂಡ ಲೆಕ್ಕವೇ ಎಂದು ಹೊಳೆಯಲು ನನಗೆ ಎರಡು ನಿಮಿಷ. ಮುಂದಿನ ಸುತ್ತಿನಲ್ಲಿ ಅಮ್ಮನ ಸರದಿ: "ಏಕಾದಶಿ, ಎರಡು." ಅವರ ಮನಸ್ಸಿನಲ್ಲಿದ್ದದ್ದು ಮಡಿ ಮತ್ತು ಹಸಿವು. ನಮ್ಮವರು ಹನ್ನೊಂದರ ಪಕ್ಕ ಹತ್ತು ಎಂದು ಲೆಕ್ಕ ಹಾಕಿ ಹತ್ತನ್ನು ಮುಟ್ಟಿದರು. ಆ ಸುತ್ತಿನ ಕಪ್ಪು ಪದ ಅದೇ. "ಉಪವಾಸ ಮಾಡಿದ್ರಲ್ವಾ ಗೊತ್ತಾಗೋದು" ಎಂದರು ಅಮ್ಮ.

ನಾಲ್ಕಕ್ಕಿಂತ ಕಡಿಮೆ ಜನರಿದ್ದರೆ ಇದು ಸಪ್ಪೆ. ಆರಕ್ಕೆ ಮೇಲಿದ್ದರೆ ಇದಕ್ಕೆ ಸಾಟಿಯಿಲ್ಲ, ಮದುವೆಮನೆಯ ಹಿಂದಿನ ದಿನ ಎಲ್ಲರೂ ಚಪ್ಪರದಡಿ ಕೂತಿರುವಾಗ ಆಡಿ ನೋಡಿ.

ಎಲ್ಲರೂ ಒಂದೇ ಪಕ್ಷವಾಗುವ ಆಟಗಳ ಬಗ್ಗೆ ಚುಟುಕಾಗಿ: ಪ್ಯಾಂಡೆಮಿಕ್ (2008) ಚೆನ್ನಾಗಿದೆ, 48 ನಗರ, ನಾಲ್ಕು ರೋಗ, ಚೆನ್ನೈ ಇದೆ, ಬೆಂಗಳೂರಿಲ್ಲ. ಆದರೆ ಮನೆಯಲ್ಲೊಬ್ಬ ಯಜಮಾನಿಕೆಯ ಸ್ವಭಾವದವರಿದ್ದರೆ ಅವರೊಬ್ಬರೇ ಆಡುತ್ತಾರೆ, ಉಳಿದವರು ಕಾಯಿ ನಡೆಸಿಕೊಡುತ್ತಾರೆ. ನಮ್ಮನೆಯಲ್ಲಿ ಆ ಸ್ವಭಾವದವಳು ನಾನೇ, ಆದ್ದರಿಂದ ಅದು ಪಟ್ಟಿಯಲ್ಲಿಲ್ಲ.

ಲೋಕದ ಪಟ್ಟಿ, ಮನೆಯ ಪಟ್ಟಿ

ಬೋರ್ಡ್‌ಗೇಮ್‌ಗೀಕ್ ಎಂಬ ಜಾಲತಾಣದ ಜಾಗತಿಕ ಪಟ್ಟಿ ನೋಡಿ ಕೊಳ್ಳುವವರು ಒಂದು ವಿಷಯ ನೆನಪಿಡಬೇಕು. ಈಚಿನ ವರ್ಷಗಳಲ್ಲಿ ಅದರ ತುದಿಯಲ್ಲಿರುವುದು ಬ್ರಾಸ್: ಬರ್ಮಿಂಗ್‌ಹ್ಯಾಮ್, ಅದಕ್ಕೂ ಮುಂಚೆ ಗ್ಲೂಮ್‌ಹೇವನ್. ಗ್ಲೂಮ್‌ಹೇವನ್‌ನಲ್ಲಿ 95 ಕಥಾಪ್ರಸಂಗಗಳಿವೆ, ಪೆಟ್ಟಿಗೆ ಎತ್ತಲು ಸೊಂಟ ಗಟ್ಟಿ ಇರಬೇಕು. ಅಂಥ ಆಟಕ್ಕೆ ಅಂಕ ಕೊಡುವವರು ಅದನ್ನು ಕೊಂಡು, ನಿಯಮ ಓದಿ, ಗೆಳೆಯರನ್ನು ಹಿಡಿದು ಕೂರಿಸಿದವರು. ಓದದೆ ಅಟ್ಟಕ್ಕೇರಿಸಿದವರು ಅಂಕ ಕೊಡಲು ಹೋಗುವುದಿಲ್ಲ. ಮನೆಮಂದಿಗೆ ಆರಿಸುವಾಗ ಆ ಪಟ್ಟಿಗಿಂತ ಜರ್ಮನಿಯ ಪ್ರಶಸ್ತಿಯ ಗುರುತು ಹೆಚ್ಚು ಉಪಯೋಗ. ಪೆಟ್ಟಿಗೆಯ ಮೇಲಿನ ಕೆಂಪು ಗುರುತು ಮನೆಮಂದಿಯ ಆಟಕ್ಕೆ, 1979ರಿಂದ ಇದೆ. ನೀಲಿ ಗುರುತು ಮಕ್ಕಳ ಆಟಕ್ಕೆ, ಬೂದುಗಪ್ಪು ಪಳಗಿದವರ ಆಟಕ್ಕೆ. ವಿಂಗ್‌ಸ್ಪ್ಯಾನ್‌ಗೆ ಸಿಕ್ಕಿದ್ದು ಬೂದುಗಪ್ಪು, ಅಜುಲ್‌ಗೆ ಕೆಂಪು.

ಕೊಳ್ಳುವ ಮುಂಚೆ ಒಮ್ಮೆಯಾದರೂ ಆಡಿ. ಬೆಂಗಳೂರಿನಂಥ ಊರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಆಡುವ ಕೆಫೆಗಳಿವೆ. ಅರ್ಧ ಬೆಲೆ ಎಂದು ಒಬ್ಬ ಮಾರಾಟಗಾರನಿಂದ ನಾನು ತರಿಸಿದ ಕಟಾನ್ ನಕಲಿಯಾಗಿತ್ತು, ಬಿಲ್ಲೆಗಳು ಹಪ್ಪಳದಂತೆ ಬಾಗಿದ್ದವು, ಒಂದು ಮಳೆಗಾಲವೂ ಬಾಳಲಿಲ್ಲ.

ನಿಮ್ಮದೇ ಪಟ್ಟಿ ಮಾಡುವುದಾದರೆ ಹತ್ತಕ್ಕೆ ಎಷ್ಟು ಎಂದು ಅಂಕ ಹಾಕಬೇಡಿ. ಏಳೂವರೆಗೂ ಎಂಟಕ್ಕೂ ಏನು ವ್ಯತ್ಯಾಸ ಎಂದು ನಿಮಗೇ ಗೊತ್ತಿರುವುದಿಲ್ಲ. ಎರಡೆರಡು ಆಟ ಎದುರುಬದುರು ಇಟ್ಟು ಕೇಳಿಕೊಳ್ಳಿ: ಈಗ, ಈ ರಾತ್ರಿ, ಮನೆಯಲ್ಲಿರುವ ಈ ಜನರೊಡನೆ ಯಾವುದಕ್ಕೆ ಕೈ ಹೋಗುತ್ತದೆ? ಗೆದ್ದದ್ದನ್ನು ಮೇಲಿಡಿ. ಹಾಗೆ ಮಾಡಿದ್ದಕ್ಕೇ ನನ್ನ ಪಟ್ಟಿ ಹೀಗಿದೆ: ಕನ್ನಡದ ಕೋಡ್‌ನೇಮ್ಸ್, ಚೌಕಾಬಾರ, ಪ್ಯಾಚ್‌ವರ್ಕ್, ಟಿಕೆಟ್ ಟು ರೈಡ್, ಅಜುಲ್, ಹುಲಿ-ಕುರಿ, ವಿಂಗ್‌ಸ್ಪ್ಯಾನ್, ಕಟಾನ್, ಅಗ್ರಿಕೋಲಾ, ಚದುರಂಗ. ತಾರೀಖು ಹಾಕುವುದನ್ನು ಮರೆಯಬೇಡಿ.

ಹನ್ನೊಂದರ ಮಗಳು ಕಳೆದ ತಿಂಗಳು ಇದರ ಪಕ್ಕದಲ್ಲೇ ತನ್ನದೊಂದು ಪಟ್ಟಿ ಅಂಟಿಸಿದ್ದಾಳೆ. ಒಂದನೆಯದು ಚದುರಂಗ. ಚೌಕಾಬಾರ ಇಲ್ಲ. ಕಾರಣ ಕೇಳಿದರೆ, "ಅದ್ರಲ್ಲಿ ಬರೀ ಲಕ್ ಅಮ್ಮ." ನಾನು ಅಟ್ಟದಿಂದ ಅಗ್ರಿಕೋಲಾ ಇಳಿಸಿ ಧೂಳು ಒರೆಸಿಟ್ಟಿದ್ದೇನೆ.

ಚೌಕಾಬಾರ ಈ ರಾತ್ರಿಯೇ ಆಡಬೇಕು, ಕವಡೆ ಇಲ್ಲ ಎನ್ನುವವರಿಗೆ: ಅಡುಗೆಮನೆಯ ಹುಣಸೆಹಣ್ಣಿನಿಂದ ನಾಲ್ಕು ಬೀಜ ಆರಿಸಿ, ದಪ್ಪಗಿರುವಂಥವು, ಒಂದೇ ಗಾತ್ರದವು. ಒರಟು ಸಿಮೆಂಟ್ ನೆಲದ ಮೇಲೆ ಒಂದು ಮಗ್ಗುಲನ್ನು ಉಜ್ಜುತ್ತ ಹೋಗಿ, ಕಂದು ಸಿಪ್ಪೆ ಹೋಗಿ ಬಿಳಿ ಕಾಣಬೇಕು. ಎಸೆದಾಗ ಬಿಳಿ ಮೇಲಿದ್ದವನ್ನು ಎಣಿಸಿ, ನಾಲ್ಕೂ ಕಂದು ಮೇಲಾದರೆ ಬಾರ. ಉಜ್ಜುವಾಗ ಬೀಜ ಚೆನ್ನಾಗಿ ಕಾಯುತ್ತದೆ. ಅದನ್ನು ಪಕ್ಕದವರ ತೋಳಿಗೆ ತಾಗಿಸುವುದನ್ನು ಮಕ್ಕಳಿಗೆ ನೀವು ಹೇಳಿಕೊಡಬೇಕಾಗಿಲ್ಲ.